28 ಸಾವಿರದ ಪಾತ್ರೆ ಕೊಳ್ಳಲೇನು?

ಪ್ರಶ್ನೆ: ನಾನು ನಾಗಣಸೂರಿನವಳು. ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಅತ್ತೆ, ಮಾವ, ಯಜಮಾನರು, ಇಬ್ಬರು ಮಕ್ಕಳು. ಈ ಸಲ ಭಿಶಿಯಲ್ಲಿ (ಚೀಟಿಯಲ್ಲಿ) ನನ್ನ ಪಾಳಿ ಬಂದು 30 ಸಾವಿರ ಕೈಗೆ ಬಂದಿದೆ. ಪುಣೆಯಲ್ಲಿರುವ ನೆಗೆಣ್ಣಿಯ ಮನೆಯಲ್ಲಿ ಒಂದು ಪಾತ್ರೆ ನೋಡಿ ಬಂದೆ. ಒಳಗೆ ಕೆನೆ ಬಣ್ಣ, ಹೊರಗೆ ಕಿತ್ತಳೆ, ಮುಚ್ಚಳ ಎತ್ತಲಿಕ್ಕೇ ಎರಡು ಕೈ ಬೇಕು. ಬೀಡಿನ ಪಾತ್ರೆಗೆ ಗಾಜಿನ ಲೇಪ ಕೊಟ್ಟದ್ದಂತೆ, ಫ್ರಾನ್ಸಿನದಂತೆ, ಬೆಲೆ 28 ಸಾವಿರ. ಅದರಲ್ಲಿ ಆಕೆ ಮಾಡಿದ ಬದನೆಕಾಯಿ ಎಣಗಾಯಿ ಉಂಡಾಗಿನಿಂದ ಮನಸ್ಸು ಅದರ ಮೇಲೇ ಇದೆ. ನಾನ್‌ಸ್ಟಿಕ್ ಕೆಟ್ಟದ್ದು, ಇದರಿಂದ ಮೈಗೆ ಕಬ್ಬಿಣದ ಅಂಶ ಸಿಗುತ್ತದೆ, ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತದೆ ಎಂದು ಆಕೆ ಹೇಳುತ್ತಾಳೆ. ನನಗೆ ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೂ ಅನುಕೂಲ ಆದೀತೇ? ಅತ್ತೆಗೆ ಹೇಳಿದರೆ, "ಆ ರೊಕ್ಕದಾಗ ಎರಡು ಆಡು ಬರ್ತಾವ. ಅಟ್ಟದ ಮ್ಯಾಲ ಬೀಡಿನ ಹಂಚು, ಕಡಾಯಿ ತುಕ್ಕ ಹಿಡದ ಬಿದ್ದಾವ, ಮೊದಲ ಅವನ್ನ ತೆಗಿ" ಅಂದರು. ಯಜಮಾನರು "ನಿನ್ನ ರೊಕ್ಕ, ನಿನ್ನ ಮರ್ಜಿ" ಎಂದು ಸುಮ್ಮನಾದರು. ಕೊಳ್ಳಲೋ ಬೇಡವೋ?

ಒಬ್ಬ ಓದುಗಳು, ನಾಗಣಸೂರ

ಉತ್ತರ: ತಂಗಿ, ಪಾತ್ರೆ ಒಳ್ಳೆಯದೇ. ನಿಮ್ಮ ನೆಗೆಣ್ಣಿ ಮೋಸ ಹೋಗಿಲ್ಲ. ಆದರೆ ನಿಮ್ಮ ಒಲೆಯ ಮೇಲೆ ದಿನಾ ನಡೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಪಾತ್ರೆಯಿಂದ ಆಗುವಂಥದ್ದಲ್ಲ. ಅದಕ್ಕೆ 28 ಸಾವಿರ ಕೊಡಬೇಡಿ ಎಂಬುದು ನನ್ನ ಮಾತು. ಕಾರಣಗಳನ್ನು ಓದಿದ ಮೇಲೂ ಬೇಕೇ ಬೇಕು ಅನ್ನಿಸಿದರೆ ಏನು ನೋಡಿ ಕೊಳ್ಳಬೇಕು ಎಂಬುದನ್ನೂ ಕೊನೆಗೆ ಬರೆದಿದ್ದೇನೆ.

ಮೊದಲು ಹಿಮೋಗ್ಲೋಬಿನ್ ವಿಷಯ ಮುಗಿಸೋಣ. ನಿಮ್ಮ ಪತ್ರದಲ್ಲಿ ನಿಜಕ್ಕೂ ಚಿಂತೆ ಮಾಡಬೇಕಾದದ್ದು ಅದೊಂದೇ. ಗಾಜಿನ ಲೇಪದ ಪಾತ್ರೆಯಿಂದ ಅಡುಗೆಗೆ ಕಬ್ಬಿಣ ಇಳಿಯುವುದಿಲ್ಲ. ಹುಳಿ ಕಬ್ಬಿಣಕ್ಕೆ ತಾಗದಿರಲಿ ಎಂದೇ ಆ ಲೇಪ ಕೊಟ್ಟಿರುತ್ತಾರೆ. ಕಬ್ಬಿಣ ಬೇಕಾದವರಿಗೆ ಬೆತ್ತಲೆ ಬೀಡೇ, ಅಂದರೆ ಲೇಪವಿಲ್ಲದ ಎರಕದ ಕಬ್ಬಿಣವೇ ಆಗಬೇಕು. ಅಮೆರಿಕದ ಆಹಾರತಜ್ಞರು 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಟೊಮೆಟೊ ಸಾಸನ್ನು ಲೇಪವಿಲ್ಲದ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿ ನೋಡಿದರು. 100 ಗ್ರಾಂನಲ್ಲಿ ಒಂದು ಮಿಲಿಗ್ರಾಂಗೂ ಕಡಿಮೆ ಇದ್ದ ಕಬ್ಬಿಣ ಐದು ಮಿಲಿಗ್ರಾಂ ದಾಟಿತ್ತು. ಹುಳಿ ಹೆಚ್ಚಿದಷ್ಟೂ, ಬೇಯುವ ಹೊತ್ತು ಹೆಚ್ಚಿದಷ್ಟೂ ಕಬ್ಬಿಣ ಹೆಚ್ಚು ಇಳಿಯುತ್ತದೆ. ಅಂದರೆ ನಿಮ್ಮ ಅತ್ತೆ ಅಟ್ಟದ ಮೇಲಿಂದ ತೆಗೆ ಎಂದ ಆ ತುಕ್ಕು ಹಿಡಿದ ಕಡಾಯಿ ಈ ಒಂದು ವಿಷಯದಲ್ಲಿ ಪುಣೆಯ ಪಾತ್ರೆಗಿಂತ ಮೇಲು. ಆದರೂ ಪಾತ್ರೆಯನ್ನೇ ಔಷಧಿ ಎಂದು ನಂಬಿ ಕೂರಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 54ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಇವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಕಬ್ಬಿಣದ ಹಂಚು ದಿನಾ ಒಲೆ ಏರುತ್ತಿದ್ದಿರಬೇಕು. ಡಾಕ್ಟರು ಬರೆದುಕೊಟ್ಟ ಗುಳಿಗೆಯನ್ನು ತಪ್ಪದೆ ತಗೊಳ್ಳಿ. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿ ಇದ್ದರೆ ಅದನ್ನು ಒಂದು ತಾಸು ಮುಂದಕ್ಕೆ ಹಾಕಿ, ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮನೆಯಲ್ಲಿ ಥಲಸ್ಸೀಮಿಯಾ ಇದ್ದವರು ಯಾರಾದರೂ ಇದ್ದರೆ ಅವರ ಅಡುಗೆ ಬೆತ್ತಲೆ ಕಬ್ಬಿಣದಲ್ಲಿ ಬೇಡ, ಡಾಕ್ಟರನ್ನು ಕೇಳಿ.

ಇನ್ನು ಪಾತ್ರೆಗೆ ಬರೋಣ. ಬೆಲೆ ಮತ್ತು ಬಣ್ಣ ನೋಡಿದರೆ ನೆಗೆಣ್ಣಿಯ ಮನೆಯಲ್ಲಿ ನೀವು ನೋಡಿದ್ದು ಲ ಕ್ರೂಸೇ ಕಂಪನಿಯದು ಇರಬೇಕು. ಬೀಡು ಎರಕದ ಒಬ್ಬ, ಎನಾಮಲ್ ಲೇಪದ ಒಬ್ಬ, ಹೀಗೆ ಬೆಲ್ಜಿಯಂನ ಇಬ್ಬರು ಕೂಡಿ 1925ರಲ್ಲಿ ಉತ್ತರ ಫ್ರಾನ್ಸಿನ ಫ್ರೆನ್ವಾ ಲ ಗ್ರಾಂ ಎಂಬ ಊರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಆ ಕಿತ್ತಳೆ ಬಣ್ಣ ಅವರ ಮೊದಲ ಬಣ್ಣ, ಕರಗಿದ ಬೀಡಿನ ಬಣ್ಣವನ್ನೇ ನೋಡಿ ಆರಿಸಿದ್ದು. ಉಸುಕಿನ ಅಚ್ಚಿನಲ್ಲಿ ಬೀಡು ಹೊಯ್ದು, ಅಚ್ಚು ಒಡೆದು, ಉಜ್ಜಿ ನುಣುಪು ಮಾಡಿ, ಗಾಜಿನ ಪುಡಿಯ ಲೇಪ ಹಚ್ಚಿ, 800 ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಸುಡುತ್ತಾರೆ. ಗಾಜು ಕರಗಿ ಬೀಡಿಗೆ ಅಂಟಿಕೊಳ್ಳುತ್ತದೆ. ನಮಗೇನೂ ಇದು ಹೊಸದಲ್ಲ. ನೀಲಿ ಅಂಚಿನ ಬಿಳಿ ತಾಟು, ಬಿಳಿ ಮಗ್ಗು ನಿಮ್ಮ ಅಜ್ಜಿಯ ಮನೆಯಲ್ಲಿ ಇದ್ದಾವು. ಅವೂ ಇದೇ ಜಾತಿ, ತೆಳು ತಗಡಿನ ಮೇಲೆ ಗಾಜು. ಅವು ಬಿದ್ದಲ್ಲೆಲ್ಲ ಕರಿ ಚುಕ್ಕೆಯಂತೆ ಚಕ್ಕೆ ಎದ್ದು, ಆ ಜಾಗದಲ್ಲಿ ತುಕ್ಕು ಕೂರುತ್ತಿತ್ತಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಈ ಪಾತ್ರೆ ಹುಟ್ಟಿದ ಅಡುಗೆಮನೆಯಲ್ಲಿ ಓವನ್ ಇತ್ತು. ಮಾಂಸ, ಗಡ್ಡೆ, ಕಾಳು ತುಂಬಿ ಮುಚ್ಚಳ ಹಾಕಿ ಮೂರು ನಾಲ್ಕು ತಾಸು ಸಣ್ಣ ಕಾವಿನ ಓವನ್ನಿನಲ್ಲಿ ಇಟ್ಟುಬಿಟ್ಟರೆ ಸುತ್ತ ಎಲ್ಲ ಕಡೆಯಿಂದಲೂ ಸಮ ಬಿಸಿ. ಅಲ್ಲಿ ಆ ದಪ್ಪಕ್ಕೆ ಬೆಲೆ ಇದೆ. ಗ್ಯಾಸಿನ ಮೇಲೆ ಇಟ್ಟರೆ ಉರಿ ತಾಗುವುದು ತಳದ ನಡುವಿಗೆ ಮಾತ್ರ. ಬೀಡು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೆ ಹರಡುವುದರಲ್ಲಿ ಅಲ್ಯುಮಿನಿಯಂ, ತಾಮ್ರದ ಹತ್ತಿರವೂ ಬರುವುದಿಲ್ಲ. ದೊಡ್ಡ ಉರಿ ಕೊಟ್ಟರೆ ನಡುವೆ ಹತ್ತುತ್ತದೆ, ಅಂಚಿನಲ್ಲಿ ಬೇಯುವುದೇ ಇಲ್ಲ. ಓವನ್ ಇಲ್ಲದ ಮನೆಯಲ್ಲಿ ಆ ಪಾತ್ರೆಯ ಅರ್ಧ ವಿದ್ಯೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ನಿಮ್ಮ ದಿನದ ಅಡುಗೆ ನೋಡಿ. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಜೋಳದ ರೊಟ್ಟಿ ಬಡಿಯಬೇಕು. ರೊಟ್ಟಿಗೆ ಒಣ ಹಂಚು ಕಾದು ಕೆಂಪಗಾಗುವ ಹಾಗಿರಬೇಕು, ಮೇಲೆ ನೀರು ಸವರಿದ ರೊಟ್ಟಿ ಬೀಳುತ್ತಲೇ ಸುಂಯ್ ಅನ್ನಬೇಕು. ಗಾಜಿನ ಲೇಪದ ಯಾವ ಪಾತ್ರೆಯನ್ನೂ ಖಾಲಿ ಇಟ್ಟು ದೊಡ್ಡ ಉರಿಯಲ್ಲಿ ಕಾಯಿಸಬಾರದು. ಕಾದ ಲೇಪಕ್ಕೆ ತಣ್ಣೀರು ತಾಗಿದರೆ ಅದು ಬಿರಿಯುತ್ತದೆ. ಅಂದಮೇಲೆ ರೊಟ್ಟಿ ಅದರ ಲೆಕ್ಕದಿಂದ ಹೊರಗೆ. ಬೇಳೆಗೆ ಕುಕ್ಕರ್ ಇದೆ. ಕುಕ್ಕರಿನೊಳಗೆ ನೀರು 120 ಡಿಗ್ರಿಯ ಹತ್ತಿರ ಹೋಗುತ್ತದೆ, ತೆರೆದ ಪಾತ್ರೆಯಲ್ಲಾಗಲಿ ಸಾದಾ ಮುಚ್ಚಳದ ಪಾತ್ರೆಯಲ್ಲಾಗಲಿ 100 ದಾಟುವುದಿಲ್ಲ, ಪಾತ್ರೆ ಎಷ್ಟು ಸಾವಿರದ್ದಾದರೂ ಅಷ್ಟೆ. ಬೋರಿನ ಗಡಸು ನೀರಿನಲ್ಲಿ ತೊಗರಿಬೇಳೆ ಕರಗಲು ಮೊದಲೇ ಹಠ ಮಾಡುತ್ತದೆ. ಆ ನೀರಿನಲ್ಲಿ ಈ ಪಾತ್ರೆಯಲ್ಲಿ ಬೇಳೆ ಬೇಯಿಸಲು ಕೂತರೆ ಸಿಲಿಂಡರ್ ಮುಗಿದೀತು, ಬೇಳೆ ಹಾಗೇ ಇದ್ದೀತು. ಒಗ್ಗರಣೆಗೆ, ಝುಣಕಕ್ಕೆ, ಅವಲಕ್ಕಿಗೆ ಐದು ಕೆ.ಜಿ.ಯ ಪಾತ್ರೆ ಯಾರು ಎತ್ತಿ ಇಳಿಸುತ್ತಾರೆ?

ಹಾಗಾದರೆ ನೆಗೆಣ್ಣಿಯ ಎಣಗಾಯಿ ಅಷ್ಟು ರುಚಿ ಹೇಗಾಯಿತು? ಇದು ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ ಪ್ರಶ್ನೆ. ಎಣಗಾಯಿಗೆ ಬೇಕಾದದ್ದು ದಪ್ಪ ತಳ, ಸಣ್ಣ ಉರಿ, ಬಿಗಿ ಮುಚ್ಚಳ. ಬದನೆಕಾಯಿ ತನ್ನ ನೀರಿನಲ್ಲೇ ಬೇಯಬೇಕು, ಶೇಂಗಾ ಎಳ್ಳಿನ ಮಸಾಲೆ ಎಣ್ಣೆ ಬಿಡಬೇಕು, ಕಾಯಿ ಒಡೆಯಬಾರದು. ಅತ್ತೆಯನ್ನು ಕೇಳಿ ನೋಡಿ, ಅವರ ಕೈಯಲ್ಲಿ ಇದಕ್ಕೊಂದು ಉಪಾಯ ಇದ್ದೇ ಇರುತ್ತದೆ. ಬೋಗುಣಿಯ ಮೇಲೆ ಆಳವಾದ ತಾಟು ಮುಚ್ಚಿ, ತಾಟಿನಲ್ಲಿ ಒಂದು ಲೋಟ ತಣ್ಣೀರು ಹಾಕಿಡುವುದು. ಒಳಗಿನ ಹಬೆ ತಣ್ಣಗಿನ ತಾಟಿಗೆ ತಾಗಿ ಹನಿಯಾಗಿ ಮತ್ತೆ ಕಾಯಿಯ ಮೇಲೇ ಬೀಳುತ್ತದೆ. ಪಲ್ಯ ತೀರಾ ಗಟ್ಟಿಯಾದಾಗ ತಾಟಿನ ಕಾದ ನೀರನ್ನೇ ಪಲ್ಯಕ್ಕೆ ಬಿಟ್ಟುಕೊಳ್ಳಬಹುದು. ಫ್ರಾನ್ಸಿನವರು 1930ರ ದಶಕದಲ್ಲಿ ಮುಚ್ಚಳದ ಮೇಲೆ ತಗ್ಗು ಮಾಡಿ, ಅದರಲ್ಲಿ ನೀರೋ ಐಸೋ ಹಾಕುವ 'ದೂಫೂ' ಎಂಬ ಬೀಡಿನ ಪಾತ್ರೆ ತಂದರು. 1974ರಲ್ಲಿ ಅಲ್ಸಾಸ್‌ನಲ್ಲಿ ಶುರುವಾದ ಸ್ಟಾಬ್ ಕಂಪನಿ ಮುಚ್ಚಳದ ಒಳಮೈಗೆ ಸಾಲಾಗಿ ಮೊಳೆಯಂಥ ಉಬ್ಬು ಕೊಟ್ಟಿತು, ಹನಿ ಎಲ್ಲ ಕಡೆ ಸಮನಾಗಿ ಬೀಳಲಿ ಎಂದು. ಅತ್ತೆಯ ತಾಟಿನ ನೀರು ಮಾಡುವ ಕೆಲಸವೂ ಅದೇ. ಇದನ್ನು ಒಂದು ಸಲ ದಪ್ಪ ತಳದ ಸ್ಟೀಲ್ ಬೋಗುಣಿಯಲ್ಲಿ ಮಾಡಿ ನೋಡಿ, ಅದೇ ಕಾಳಮಸಾಲೆ, ಅದೇ ಎಣ್ಣೆ. ನೆಗೆಣ್ಣಿಯ ಮನೆಯ ರುಚಿಗೆ ಎಷ್ಟು ದೂರ ಉಳಿಯಿತು ಎಂದು ನೀವೇ ಹೇಳಿ. ಆಕೆಯ ಮನೆಯಲ್ಲಿ ನೀವು ಅತಿಥಿಯಾಗಿ ಕೂತು, ಬೇರೆಯವರು ಬಡಿಸಿದ್ದನ್ನು ಬಿಸಿಬಿಸಿ ಉಂಡಿರಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತೀರಿ. ರುಚಿಯಲ್ಲಿ ಅದಕ್ಕೂ ಒಂದು ಪಾಲು ಇದೆ ಬಿಡಿ.

ಪಾತ್ರೆಯ ಪರವಾಗಿಯೂ ಮಾತಾಡಬೇಕಲ್ಲ. ನಮ್ಮ ಕಡೆಯ ಅಡುಗೆಯಲ್ಲಿ ಹುಳಿಯದೇ ಒಂದು ಕಡೆ ಇದೆ. ಪುಂಡಿಪಲ್ಯ, ಚುಕ್ಕೆ ಸೊಪ್ಪು, ಹುಣಸೆ ಹಿಂಡಿದ ಬ್ಯಾಳಿ. ಇವನ್ನು ಬೆತ್ತಲೆ ಬೀಡಿನಲ್ಲಿ ಬಹಳ ಹೊತ್ತು ಕುದಿಸಿದರೆ ಕರ್ರಗಾಗುತ್ತವೆ, ನಾಲಗೆಗೆ ಲೋಹದ ರುಚಿ ಹತ್ತುತ್ತದೆ, ಪಾತ್ರೆಗೆ ಕೂತ ಎಣ್ಣೆಯ ಪದರವೂ ಕಿತ್ತುಬರುತ್ತದೆ. ಮಾಡಿ ಮುಗಿದ ಹುಳಿಯನ್ನು ಕಬ್ಬಿಣ, ಅಲ್ಯುಮಿನಿಯಂ, ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಯಲ್ಲಿ ಇಡಬೇಡಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲೂ ಹೇಳಿದೆ. ಗಾಜಿನ ಲೇಪಕ್ಕೆ ಈ ತೊಂದರೆ ಇಲ್ಲ. ಎಳ್ಳಮವಾಸ್ಯೆಯ ಭಜ್ಜಿಯನ್ನೇ ತಗೊಳ್ಳಿ. ಹಸಿ ಕಾಳು, ಸಿಕ್ಕ ಸೊಪ್ಪೆಲ್ಲ, ಹುಣಸೆ, ಮೇಲೆ ಕಡಲೆಹಿಟ್ಟು, ಸಣ್ಣ ಉರಿಯಲ್ಲಿ ತಿರುವುತ್ತ ತಿರುವುತ್ತ ಬೇಯಬೇಕಾದ ಅಡುಗೆ ಅದು. ಈ ಪಾತ್ರೆಗೆ ಹೇಳಿ ಮಾಡಿಸಿದಂತಿದೆ. ಆದರೆ ನೀವು ನೋಡಿದ್ದು ಹೆಚ್ಚೆಂದರೆ ಐದು ಲೀಟರಿನದು. ಎಳ್ಳಮವಾಸ್ಯೆಗೆ ಹೊಲಕ್ಕೆ ಬೀಗರು, ನೆರೆಯವರು, ಆಳುಕಾಳು ಕೂಡಿ ಎಷ್ಟು ಜನ ಉಣ್ಣುತ್ತೀರಿ? ಅಂದು ಮತ್ತೆ ದೊಡ್ಡ ಡಬರಿಯೇ ಇಳಿಯಬೇಕು.

ಬಾಳಿಕೆಯ ಮಾತು. ಮೊಮ್ಮಕ್ಕಳವರೆಗೆ ಬಾಳುವುದು ಸುಳ್ಳಲ್ಲ, ಬೀಳದಿದ್ದರೆ. ಐದು ಲೀಟರಿನ ಪಾತ್ರೆ ಮುಚ್ಚಳ ಕೂಡಿ ಖಾಲಿ ಇದ್ದಾಗಲೇ ಐದು ಕೆ.ಜಿ. ಮೇಲೆ ತೂಗುತ್ತದೆ, ಅಡುಗೆ ತುಂಬಿದರೆ ಒಂಬತ್ತು ಹತ್ತು. ನಿಮ್ಮ ಮನೆಯ ನೆಲ ಶಹಾಬಾದ್ ಫರಸಿಯದಾದರೆ ಕೈಜಾರಿದ ದಿನ ಫರಸಿ ಒಡೆಯಬೇಕು, ಇಲ್ಲವೇ ಪಾತ್ರೆಯ ಲೇಪ ಹಾರಬೇಕು. 'ಜೀವಮಾನದ ಗ್ಯಾರಂಟಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಬಿದ್ದು ಎದ್ದ ಚಕ್ಕೆ, ತಣ್ಣೀರಿಗೆ ಬಿಟ್ಟ ಬಿರುಕು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಅಂಚಿನಲ್ಲಿ ಚಕ್ಕೆ ಎದ್ದರೆ ನಡೆದೀತು, ಒಳತಳದಲ್ಲಿ ಎದ್ದರೆ ಆ ಪಾತ್ರೆಯಲ್ಲಿ ಅಡುಗೆ ನಿಲ್ಲಿಸಬೇಕು, ಗಾಜಿನ ಚೂರು ಊಟಕ್ಕೆ ಬೀಳುತ್ತದೆ. ಇನ್ನೊಂದು, ಯಾರೂ ಕೇಳದ ಪ್ರಶ್ನೆ: ನಿಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವವರು ಯಾರು? ಬಚ್ಚಲ ಕಲ್ಲಿನ ಮೇಲೆ ಕುಕ್ಕಿ, ಬೂದಿ ಹಾಕಿ, ತಂತಿಯ ಜುಂಗಿನಿಂದ ಗಸಗಸ ತಿಕ್ಕಿದರೆ ಆ ಹೊಳಪು ವರ್ಷ ತುಂಬುವುದರೊಳಗೆ ಮಂಕಾಗುತ್ತದೆ. ಕೆಲಸಕ್ಕೆ ಬರುವವಳಿಗೆ ದಿನಾ 'ಹಗೂರ, ಹಗೂರ' ಅನ್ನುತ್ತ ಹಿಂದೆ ನಿಲ್ಲಲು ನಿಮಗೆ ಹೊತ್ತೆಲ್ಲಿದೆ?

ಅಟ್ಟದ ಮೇಲಿನ ಹಂಚು, ಕಡಾಯಿಯನ್ನು ಈ ರವಿವಾರ ಇಳಿಸಿ. ಇಟ್ಟಂಗಿ ಪುಡಿ, ತಂತಿ ಜುಂಗು ಹಾಕಿ ತುಕ್ಕು ಹೋಗುವವರೆಗೆ ತಿಕ್ಕಿ, ತೊಳೆದು, ಕೂಡಲೇ ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಒಂದು ತಾಸು ಸುಮ್ಮನೆ ಬಿಟ್ಟರೂ ಮತ್ತೆ ಕೆಂಪು ಬರುತ್ತದೆ. ಬೆಚ್ಚಗಿರುವಾಗ ಗಾಣದ ಕುಸುಬಿ ಎಣ್ಣೆ ತೆಳ್ಳಗೆ ಸವರಿ. ಸವರಿದ್ದನ್ನು ಒಣ ಅರಿವೆಯಿಂದ ಒರೆಸಿಬಿಡಿ, ಎಣ್ಣೆಯೇ ಇಲ್ಲವೇನೋ ಅನ್ನುವಷ್ಟು. ಇಲ್ಲೇ ಬಹಳ ಜನ ತಪ್ಪುವುದು. ಎಣ್ಣೆ ದಪ್ಪಗಾದರೆ ಜಿಗಟು ಕೂರುತ್ತದೆ. ಹೊಗೆ ಎದ್ದು ನಿಲ್ಲುವವರೆಗೆ ಕಾಯಿಸಿ, ಆರಲು ಬಿಟ್ಟು, ಮತ್ತೆ ಸವರಿ. ನಾಲ್ಕು ಸಲ ಹೀಗೆ ಮಾಡಿದರೆ ಬೂದುಬಣ್ಣದ ಬೀಡು ಕರ್ರಗೆ ಮಿಂಚುತ್ತದೆ. ಕುಸುಬಿ ಎಣ್ಣೆ ಗಾಳಿಗೆ, ಕಾವಿಗೆ ಒಣಗಿ ಪದರ ಕಟ್ಟುವ ಜಾತಿಯದು, ಬಣ್ಣ ವಾರ್ನಿಶ್ ಮಾಡಲೂ ಬಳಸುತ್ತಾರೆ. ಈ ಕೆಲಸಕ್ಕೆ ಶೇಂಗಾ ಎಣ್ಣೆಗಿಂತ ಅದು ಮೇಲು. ನಿಮ್ಮ ಸೀಮೆಯಲ್ಲೇ ಬೆಳೆಯುತ್ತದೆ, ಹುಡುಕಿಕೊಂಡು ಹೋಗಬೇಕಿಲ್ಲ. ಆಮೇಲೆ ಝುಣಕ, ಉಳ್ಳಾಗಡ್ಡಿ ಪಲ್ಯ, ಮಟಕಿ ಉಸುಳಿ ಎಲ್ಲ ಆ ಕಡಾಯಿಯಲ್ಲೇ ನಡೆಯಲಿ. ನಿಮ್ಮ ಕಬ್ಬಿಣದ ಅಂಶಕ್ಕಾಗಿ ಟೊಮೆಟೊ ಹಾಕಿದ ಪಲ್ಯವನ್ನೂ ಕಾಲು ತಾಸು ಅದರಲ್ಲೇ ಬೇಯಿಸಿ, ಆದ ಕೂಡಲೇ ಸ್ಟೀಲಿನ ಪಾತ್ರೆಗೆ ಬಗ್ಗಿಸಿ. ಪುಂಡಿಪಲ್ಯಕ್ಕೆ ಸ್ಟೀಲಿನ ನಡುವೆ ಅಲ್ಯುಮಿನಿಯಂ ಕೂರಿಸಿದ ಮೂರು ಪದರದ, ದಪ್ಪ ಬೋಗುಣಿ ಒಂದು ತಗೊಳ್ಳಿ. ಸೋಲಾಪುರದ ನವೀ ಪೇಟೆಗೆ ಹೋದಾಗ ಕೇಳಿ, 'ಟ್ರೈಪ್ಲೈ' ಅಂದರೆ ಗೊತ್ತಾಗುತ್ತದೆ. ಮೂರು ನಾಲ್ಕು ಸಾವಿರದೊಳಗೆ ಒಳ್ಳೆಯದೇ ಬರುತ್ತದೆ, ಹಗುರ, ಹುಳಿಗೆ ಹೆದರುವುದಿಲ್ಲ, ಬಿದ್ದರೆ ತಗ್ಗು ಬೀಳುತ್ತದೆ ಅಷ್ಟೆ.

ಈಗ ಅತ್ತೆಯ ಆಡಿನ ಲೆಕ್ಕ. ಅವರ ಕಾಲದಲ್ಲಿ ಪಾತ್ರೆ ಅಂದರೆ ಗಂಟು. ಮದುವೆಗೆ ಬಂದ ತಾಮ್ರದ ಕೊಡ, ಹಿತ್ತಾಳೆ ಹಂಡೆಯ ಮೇಲೆ ಹೆಸರು ಕೆತ್ತಿಸುತ್ತಿದ್ದರು. ಬರಗಾಲದ ವರ್ಷ ಅಡವಿಟ್ಟರೂ, ಕಡೆಗೆ ಮೋಡಿಗೆ (ಗುಜರಿಗೆ) ಹಾಕಿದರೂ ತೂಕಕ್ಕೆ ತಕ್ಕ ದುಡ್ಡು ಬರುತ್ತಿತ್ತು. ನಿಮ್ಮ ಕಿತ್ತಳೆ ಪಾತ್ರೆಯನ್ನು ಯಾವ ಭಾಂಡಿ ಅಂಗಡಿಯವನೂ ಮೋಡಿಗೆ ಹಿಡಿಯುವುದಿಲ್ಲ. ಅವರ ಮಾತಿನ ಹಿಂದೆ ಈ ಲೆಕ್ಕ ಇದೆ, ನಿಮ್ಮ ಮೇಲಿನ ಸಿಟ್ಟು ಇದ್ದಂತೆ ಕಾಣುವುದಿಲ್ಲ. ಹಾಗೆಂದು ಭಿಶಿಯ ರೊಕ್ಕ ನಿಮ್ಮದು, ತಿಂಗಳು ತಿಂಗಳು ಪಗಾರದಿಂದ ತೆಗೆದು ಕಟ್ಟಿದ್ದೀರಿ. ಎಲ್ಲದಕ್ಕೂ ಆಡಿನ ಲೆಕ್ಕ ಹಚ್ಚಿದರೆ ನಾವು ಯಾರೂ ಇಳಕಲ್ ಸೀರೆ ಉಡುವ ಹಾಗಿಲ್ಲ. ಅಡುಗೆಮನೆಯಲ್ಲಿ ಕಣ್ಣಿಗೆ ಚೆಂದ ಕಾಣುವ, ತಾನೇ ಆರಿಸಿ ತಂದ ಒಂದು ವಸ್ತು ಇರಲಿ ಎಂದು ಹೆಣ್ಣುಮಗಳಿಗೆ ಅನ್ನಿಸಿದರೆ ಅದು ತಪ್ಪಲ್ಲ. ಕೊಳ್ಳುವುದಿದ್ದರೆ 'ನನಗೆ ಚೆಂದ ಅನ್ನಿಸಿತು' ಎಂದೇ ಹೇಳಿ ಕೊಳ್ಳಿ. ರಕ್ತ ಹೆಚ್ಚುತ್ತದೆ, ಗ್ಯಾಸು ಉಳಿಯುತ್ತದೆ ಎಂಬ ನೆಪ ಮುಂದಿಟ್ಟರೆ ಅತ್ತೆ ಒಂದೇ ವಾರದಲ್ಲಿ ಹಿಡಿದುಬಿಡುತ್ತಾರೆ.

ಎಳ್ಳಮವಾಸ್ಯೆವರೆಗೆ ರೊಕ್ಕ ಬ್ಯಾಂಕಿನಲ್ಲಿರಲಿ. ಆಗಲೂ ಮನಸ್ಸು ತಿರುಗದಿದ್ದರೆ ಫ್ರಾನ್ಸಿನದು ಬಿಡಿ, ನಮ್ಮ ದೇಶದ ಕಂಪನಿಗಳ ಗಾಜಿನ ಲೇಪದ ಬೀಡಿನ ಪಾತ್ರೆ ಮೂರರಿಂದ ಆರು ಸಾವಿರಕ್ಕೆ ಸಿಗುತ್ತದೆ. ಲೇಪದ ನುಣುಪಿನಲ್ಲಿ, ಅಂಚಿನ ಕೆಲಸದಲ್ಲಿ ವ್ಯತ್ಯಾಸ ಕಾಣುತ್ತದೆ, ಬೇಯುವುದರಲ್ಲಿ ನಿಮಗೆ ಕಾಣಲಿಕ್ಕಿಲ್ಲ. ಎತ್ತರದ್ದಕ್ಕಿಂತ ಅಗಲ ತಳದ್ದು ಆರಿಸಿ, ಎಣಗಾಯಿಗೆ ಕಾಯಿಗಳೆಲ್ಲ ಒಂದೇ ಸಾಲಿನಲ್ಲಿ ಕೂರಬೇಕು. ಒಳಮೈ ತಿಳಿ ಬಣ್ಣದ್ದಿರಲಿ, ಹತ್ತುವುದು ಕಣ್ಣಿಗೆ ಬೇಗ ಬೀಳುತ್ತದೆ. ಕೆಂಪು, ಹಳದಿ, ಕಿತ್ತಳೆ ಬಣ್ಣಕ್ಕೆ ಕ್ಯಾಡ್ಮಿಯಂ ಬಳಸುವುದುಂಟು, ಆದ್ದರಿಂದ ಹೆಸರಿಲ್ಲದ ಅಗ್ಗದ ಮಾಲು ಬೇಡವೇ ಬೇಡ. ಕೊಳ್ಳುವ ಮೊದಲು ಐದು ಕೆ.ಜಿ. ಜೋಳದ ಹಿಟ್ಟಿನ ಚೀಲವನ್ನು ಎರಡು ಕೈಯಿಂದ ಒಲೆಯ ಮಟ್ಟಕ್ಕೆ ಎತ್ತಿ ನೋಡಿ, ಅತ್ತೆಗೂ ಎತ್ತಲು ಹೇಳಿ. ಗ್ಯಾಸ್ ಒಲೆಯ ಕಾಲುಕಂಬಿ ಅಗಲವಾಗಿದೆಯೇ, ಮೇಲೆ ಗಾಜಿನ ಹಾಸು ಇದ್ದರೆ ಅದು ಇಷ್ಟು ಭಾರ ತಡೆದೀತೇ ಎಂದು ಖಾತ್ರಿ ಮಾಡಿಕೊಳ್ಳಿ. ಕಟ್ಟಿಗೆ ಒಲೆಗೆ ಅದನ್ನು ಇಡಲೇಬೇಡಿ. ಉರಿ ಸಣ್ಣದು ಅಥವಾ ನಡು, ಸೌಟು ಕಟ್ಟಿಗೆಯದು. ಆರಿದ ಮೇಲಷ್ಟೇ ನೀರು. ಬೋರಿನ ನೀರಿನ ಬಿಳಿ ಕಲೆ ಕೂತರೆ ಲಿಂಬೆಹಣ್ಣಿನ ಹೋಳಿನಿಂದ ತಿಕ್ಕಿ. ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಂದ ದಿನವೇ ಬಿಚ್ಚಿ, ಒಳತಳದಲ್ಲಿ, ಅಂಚಿನ ಸುತ್ತ, ಮುಚ್ಚಳದ ಒಳಗೆ ಬೆರಳಾಡಿಸಿ ನೋಡಿ. ಎಲ್ಲಾದರೂ ಒರಟು ತಾಗಿದರೆ, ಚಕ್ಕೆ ಕಂಡರೆ ಫೋಟೋ ತೆಗೆದು ಅಂದೇ ವಾಪಸ್ ಹಾಕಿ. ಒಂದು ಸಲ ಅಡುಗೆ ಮಾಡಿದ ಮೇಲೆ ಯಾರೂ ಹಿಂದಕ್ಕೆ ತಗೊಳ್ಳುವುದಿಲ್ಲ.